ಹಾಲು ಮೊದಲು ಒಳಗೆ ಬರಲಿ

ಜೂನ್ 9

ಪ್ರೀತಿಯ ಗಡಿಬಿಡಿ,

ಈ ತಿಂಗಳ ಮೂರನೇ ತಾರೀಖು, ಬೆಳಕು ಹರಿಯುವ ಹೊತ್ತಿಗೆ, ನಮ್ಮ ಬೀದಿಯ ಕೊನೆಯ ತಿರುವಿನಲ್ಲಿ ಒಂದು ಟ್ಯಾಂಕರು ಪೇಪರಣ್ಣನನ್ನು ಹಿಂದಿನಿಂದ ಗುದ್ದಿ ಬೀಳಿಸಿ, ಸ್ವಲ್ಪ ಹೊತ್ತು ನಿಂತು, ಹೊರಟುಹೋಯಿತು. ಚಾಲಕ ಇಳಿಯಲಿಲ್ಲ. ಆಸ್ಪತ್ರೆಗೆ ಸೇರಿಸಲಿಲ್ಲ. ಪೊಲೀಸರಿಗೆ ತಿಳಿಸಲಿಲ್ಲ. ಇಷ್ಟನ್ನು ಮೊದಲೇ ಬರೆದುಬಿಟ್ಟೆ, ಯಾಕೆಂದರೆ ಕ್ಷೇಮ ಸಮಾಚಾರದಿಂದ ಶುರು ಮಾಡಿದರೆ ಎರಡನೇ ಪುಟಕ್ಕೆ ಬರುವ ಹೊತ್ತಿಗೆ ನೀನು ಎದ್ದು ಹೋಗಿರುತ್ತೀಯ. ಅಮ್ಮ ನಿನಗೆ ಗಡಿಬಿಡಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಪೇಪರಣ್ಣನನ್ನು ನೀನು ಮರೆತಿರಲಾರೆ. ನಾನು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ಕಾಲದಲ್ಲಿ ಅವರು ಅಲ್ಲೇ ಅಚ್ಚುಮೊಳೆ ಜೋಡಿಸುತ್ತಿದ್ದರು. ಮೊಳೆಗಳ ಕಾಲ ಮುಗಿದು ಕಂಪ್ಯೂಟರು ಬಂದಾಗ ಒಳಗಿನ ಕೆಲಸ ಹೋಯಿತು. ಅದೇ ಪತ್ರಿಕೆಯ ಕಟ್ಟುಗಳನ್ನು ಸೈಕಲ್ಲಿಗೆ ಹೇರಿಕೊಂಡು ಮನೆಮನೆಗೆ ಹಾಕುವ ಕೆಲಸ ಹಿಡಿದರು. ಆಗ ಸುದ್ದಿ ಜೋಡಿಸುತ್ತಿದ್ದೆ, ಈಗ ಎಸೆಯುತ್ತೇನೆ ಎಂದು ನಗುತ್ತಿದ್ದರು. ಕಳೆದ ಸಲ ನೀನು ಬಂದಾಗ ಪೇಪರು ನೆನೆದಿದೆ ಎಂದು ಗೇಟಿನಲ್ಲಿ ನಿಂತು ಅವರ ಜೊತೆ ಜಗಳ ಆಡಿದ್ದೆ. ಮಾರನೆಯ ದಿನ ಅವರು ನಿನಗೆಂದೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದುಕೊಟ್ಟರು, ಮೇಲೊಂದು ರಬ್ಬರ್ ಬ್ಯಾಂಡು ಹಾಕಿ.

ಬಲಗಾಲಿನ ಮೂಳೆ ಎರಡು ಕಡೆ ಮುರಿದಿದೆ. ಔಷಧಿ ಅಂಗಡಿಯವರು ಬೆಳಗಿನ ನಡಿಗೆಗೆ ಹೊರಟವರು ನೋಡಿ ಆಸ್ಪತ್ರೆಗೆ ಸಾಗಿಸಿದರು. ರಸ್ತೆ ತುಂಬ ಪೇಪರು ಹರಡಿತ್ತಂತೆ. ನಾನು ವಾರ್ಡಿಗೆ ಹೋದಾಗ ಅವರು ಮೊದಲು ಹೇಳಿದ ಮಾತು ಇದು: ‘ಸ್ಟೀಲಿನ ಬೆನ್ನು ಅಕ್ಕಾ. ಕನ್ನಡಿ ಥರ ಇತ್ತು. ನಾನು ಬಿದ್ದಿರೋದು ಅದರಲ್ಲಿ ನಂಗೇ ಕಾಣಿಸ್ತು. ಅದು ನಿಂತಿತ್ತು. ಇಳಿದು ಬರ್ತಾರೆ ಅಂತ ಕೈ ಆಡಿಸಿದೆ. ಆಮೇಲೆ ನಾನು ಚಿಕ್ಕದಾಗ್ತಾ ಚಿಕ್ಕದಾಗ್ತಾ ಹೋದೆ.’

ಮಾರನೆಯ ದಿನದ ಪತ್ರಿಕೆಯಲ್ಲಿ ಮೂಲೆಯಲ್ಲಿ ನಾಲ್ಕು ಸಾಲು: ‘ನಿಯಂತ್ರಣ ತಪ್ಪಿ ಸೈಕಲ್ ಸವಾರ ಬಿದ್ದು ಗಾಯ.’ ನಮ್ಮ ಪತ್ರಿಕೆಯಲ್ಲಿ. ಅವರು ಹಾಕುವ ಪತ್ರಿಕೆಯಲ್ಲಿ.

ನೀನು ಇಷ್ಟು ವರ್ಷ ಡೈರಿಯಲ್ಲಿ ಹಾಲಿನ ಟ್ಯಾಂಕರುಗಳನ್ನು ಹೊರಡಿಸುವ, ಬರಮಾಡಿಕೊಳ್ಳುವ ಕೆಲಸದಲ್ಲಿರುವವನು. ಅಂಥ ಹೊಳಪಿನ ಬೆನ್ನು ಯಾವ ಗಾಡಿಗಿರುತ್ತದೆ, ಆ ಹೊತ್ತಿಗೆ ನಮ್ಮ ರಸ್ತೆಯಲ್ಲಿ ಯಾರ ಗಾಡಿ ಓಡುತ್ತದೆ, ವಿಚಾರಿಸಿ ತಿಳಿಸು. ನಿಮ್ಮ ಗಾಡಿಗಳು ಹೆದ್ದಾರಿ ಬಿಟ್ಟು ಊರೊಳಗೆ ಇಳಿಯುವುದಿಲ್ಲ ಎಂದು ನೀನೇ ಒಮ್ಮೆ ಹೇಳಿದ್ದೆ, ಆದ್ದರಿಂದ ನಿಮ್ಮದಲ್ಲ. ಅದಕ್ಕೇ ಧೈರ್ಯವಾಗಿ ಕೇಳುತ್ತಿದ್ದೇನೆ.

ಫೋನು ಮಾಡಬೇಡ. ನನ್ನ ಕಿವಿಗೆ ಈಗ ಫೋನಿನಲ್ಲಿ ಬರೀ ಜೇನುಹುಳ ಕೇಳಿಸುತ್ತದೆ. ಬರೆ.

ನಿನ್ನ ಅಕ್ಕ


ಜೂನ್ 21

ಅಕ್ಕನಿಗೆ,

ತಡವಾಯಿತು, ಬೈಯಬೇಡ. ಇಲ್ಲಿ ಎರಡು ಶೀತಲ ಯಂತ್ರಗಳು ಕೆಟ್ಟು ಕೂತಿವೆ. ಬಂದ ಹಾಲನ್ನು ಎಲ್ಲಿ ಇಳಿಸುವುದು ಎಂದು ದಿನಾ ಕುಸ್ತಿ. ನಿನ್ನ ಪತ್ರ ಬಂದ ದಿನವೇ ಓದಿದೆ. ಎರಡನೇ ಪುಟವನ್ನೂ ಓದಿದೆ.

ಪೇಪರಣ್ಣ ಎಂದು ಗೊತ್ತಾಗಿ ಬೇಜಾರಾಯಿತು. ಅವರೇ ಎಂದು ನಾನು ಅಂದುಕೊಂಡಿರಲಿಲ್ಲ.

ಸ್ಟೀಲಿನ ಬೆನ್ನು ಎಂದರೆ ಹಾಲಿನ ಗಾಡಿಯೇ ಆಗಬೇಕೆಂದಿಲ್ಲ. ಕುಡಿಯುವ ನೀರಿನದು ಇರಬಹುದು, ಅಡುಗೆ ಎಣ್ಣೆಯದು ಇರಬಹುದು, ಕಾರ್ಖಾನೆಗಳಿಗೆ ಏನೇನೋ ಹೋಗುತ್ತದೆ. ಅವರು ನಂಬರು ನೋಡಿದ್ದಾರಾ? ಟ್ಯಾಂಕಿನ ಮೇಲೆ ಬರಹ ಏನಾದರೂ ಇತ್ತಾ? ಔಷಧಿ ಅಂಗಡಿಯವರು ಗಾಡಿಯನ್ನು ಕಣ್ಣಾರೆ ಕಂಡರಾ, ಇಲ್ಲ ಆಮೇಲೆ ಬಂದರಾ? ಇದನ್ನೆಲ್ಲ ತಿಳಿಯದೆ ನಾನು ಯಾರನ್ನು ಏನೆಂದು ಕೇಳಲಿ.

ಒಳ್ಳೆಯ ಮೂಳೆ ಡಾಕ್ಟರಿಗೆ ತೋರಿಸಿ. ನೀನು ಠಾಣೆ ಗೀಣೆ ಎಂದು ಅಲೆಯಬೇಡ, ನಿನ್ನ ಮಂಡಿಯ ಕಥೆ ನನಗೆ ಗೊತ್ತು. ಮಳೆಗಾಲ ಬೇರೆ. ಅವಸರದಲ್ಲಿದ್ದೇನೆ, ಹೊರಗೆ ಹಾರ್ನು ಹೊಡೆಯುತ್ತಿದ್ದಾರೆ.

ಗಡಿಬಿಡಿ


ಜೂನ್ 27

ತಮ್ಮಾ,

ನಿನ್ನ ಪ್ರಶ್ನೆಗಳನ್ನು ಓದಿ ಖುಷಿಯಾಯಿತು. ಪೊಲೀಸರು ಇಷ್ಟು ಕೇಳಲಿಲ್ಲ. ಉತ್ತರ: ನಂಬರು ನೋಡಿಲ್ಲ, ಬರಹ ನೋಡಿಲ್ಲ, ಔಷಧಿ ಅಂಗಡಿಯವರು ಬಂದದ್ದು ಆಮೇಲೆ. ತಿರುವಿನ ಕಂಬದಲ್ಲಿ ಕ್ಯಾಮೆರಾ ಇದೆ. ಅದಕ್ಕೆ ತಂತಿ ಎಳೆಯುವುದು ಬಾಕಿಯಂತೆ, ಮೂರು ವರ್ಷದಿಂದ.

ಠಾಣೆಗೆ ಹೋಗಿದ್ದೆ, ಮಂಡಿಯ ಸಮೇತ. ಇನ್ಸ್‌ಪೆಕ್ಟರು ಚಿಕ್ಕ ವಯಸ್ಸಿನವರು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಬೇಕಾದ್ದನ್ನು ಬಿಟ್ಟು ಎಲ್ಲವನ್ನೂ ಕೊಟ್ಟರು. ಸೈಕಲ್ಲಿನಿಂದ ತಾನಾಗಿ ಬಿದ್ದದ್ದು ಎಂದು ಬರೆದು ಕಡತ ಮುಗಿಸಿದ್ದಾರೆ. ಹೇಗೆ ಹಾಗೆ ಬರೆದಿರಿ ಎಂದು ಕೇಳಿದೆ.

‘ಯಾವ ಚಾಲಕನೂ ಬಂದು ಹೇಳಿಲ್ಲ ಅಮ್ಮ. ಹೇಳಿದ್ರೆ ತಾನೇ ನಮಗೆ ಗೊತ್ತಾಗೋದು?’

ಹೇಳದೆ ಇರುವುದೇ ಅಪರಾಧವಲ್ಲವೇ ಎಂದೆ.

‘ಅಪರಾಧವೇ. ಆದ್ರೆ ಅಪರಾಧ ಮಾಡಿದ್ದು ಯಾರು ಅಂತ ಅವನೇ ಬಂದು ಹೇಳಬೇಕಲ್ಲ.’

ಅವರು ತಮಾಷೆ ಮಾಡುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಭಯವಾದದ್ದು.

ಗ್ರಂಥಾಲಯಕ್ಕೆ ಹೋಗಿ ಕಾನೂನನ್ನು ಓದಿದೆ. ಇಷ್ಟು ನೇರವಾದ ಮಾತು ಕಾನೂನಿನ ಪುಸ್ತಕದಲ್ಲಿ ಅಪರೂಪ. ಅಪಘಾತವಾದರೆ ಚಾಲಕ ಗಾಡಿ ನಿಲ್ಲಿಸಬೇಕು, ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳಬೇಕು, ಹತ್ತಿರದ ಠಾಣೆಗೆ ಆದಷ್ಟು ಬೇಗ, ಏನೇ ಆದರೂ ಇಪ್ಪತ್ತನಾಲ್ಕು ಗಂಟೆಯೊಳಗೆ, ತಿಳಿಸಬೇಕು. ತಪ್ಪು ತನ್ನದಲ್ಲ ಎಂದು ಅವನಿಗೆ ಅನ್ನಿಸಿದರೂ ತಿಳಿಸಬೇಕು. ತಪ್ಪು ಯಾರದು ಎನ್ನುವುದು ಆಮೇಲಿನ ಮಾತು. ಮೊದಲ ಮಾತು, ಇದು ನಡೆಯಿತು ಎನ್ನುವುದು.

ನಾನೂ ಪೇಪರಣ್ಣನೂ ಕೆಲಸ ಮಾಡುತ್ತಿದ್ದಾಗ ‘ಅಪರಿಚಿತ ವಾಹನ ಡಿಕ್ಕಿ’ ಎಂಬ ಸಾಲು ಎಷ್ಟು ಸಲ ಬರುತ್ತಿತ್ತೆಂದರೆ, ಅವರು ಆ ಮೊಳೆಗಳನ್ನು ಬಿಚ್ಚುತ್ತಲೇ ಇರಲಿಲ್ಲ. ದಾರ ಸುತ್ತಿ ಒಂದು ಕಡೆ ಎತ್ತಿಡುತ್ತಿದ್ದರು. ನಾಳೆ ಮತ್ತೆ ಬೇಕಾಗುತ್ತಲ್ಲ ಅಕ್ಕಾ ಎನ್ನುತ್ತಿದ್ದರು. ಶಾಲೆಯ ಗೇಟಿನ ಮುಂದೆ ಸತ್ತ ಇಬ್ಬರು ಹುಡುಗಿಯರು, ಸೇತುವೆ ಕೆಲಸದ ಮೇಸ್ತ್ರಿ, ನಮ್ಮ ಹಿಂದಿನ ಬೀದಿಯ ದರ್ಜಿ, ಎಲ್ಲರೂ ಅದೇ ಸಾಲಿನ ಕೆಳಗೆ ಮಲಗಿದರು. ನಾನು ಕರಡು ನೋಡಿ ಸರಿ ಎಂದು ಗುರುತು ಹಾಕಿದೆ. ಅಕ್ಷರ ಸರಿಯಾಗಿತ್ತಲ್ಲ. ಈಗ ಅವರ ಸರದಿ ಬಂದಾಗ ಆ ಸಾಲೂ ಅವರಿಗೆ ಸಿಗಲಿಲ್ಲ. ತಾನೇ ಬಿದ್ದ ಎಂದಾಯಿತು.

ಪತ್ರಿಕೆಯ ಕಚೇರಿಗೂ ಹೋದೆ. ತಿದ್ದುಪಡಿ ಹಾಕಿ ಎಂದೆ. ಪೊಲೀಸರು ಹೇಳಿದ್ದನ್ನು ಹಾಕಿದ್ದೇವೆ, ಪೊಲೀಸರು ಬದಲಾಯಿಸಿದರೆ ನಾವೂ ಬದಲಾಯಿಸುತ್ತೇವೆ ಎಂದರು.

ಕಾಲಿಗಿಂತ ಇದು ಅವರನ್ನು ಹೆಚ್ಚು ತಿನ್ನುತ್ತಿದೆ. ಬೀದಿಯವರು ಬಂದು ಕೂತು, ವಯಸ್ಸಾಯಿತು, ತೂಕಡಿಸಿರಬೇಕು ಎಂದು ಅವರೆದುರೇ ಹೇಳುತ್ತಾರೆ. ಹೆಂಡತಿಯೂ ಹಾಗೇ ನಂಬಿದ್ದಾಳೆ. ನಿನ್ನೆ ಅವರು ನನ್ನನ್ನು ಮೆಲ್ಲಗೆ ಕೇಳಿದರು: ‘ಅಕ್ಕಾ, ನಾನೇ ಬಿದ್ದಿರಬಹುದಾ?’ ಇಪ್ಪತ್ತು ವರ್ಷ ತಲೆಕೆಳಗಾದ ಅಕ್ಷರಗಳನ್ನು ಓದಿದ ಮನುಷ್ಯ ತಾನು ಕಂಡದ್ದನ್ನು ನನ್ನಿಂದ ಕೇಳಿ ತಿಳಿಯಬೇಕಾಗಿದೆ.

ಇನ್ಸ್‌ಪೆಕ್ಟರಿಗೆ ಹೇಳಿಬಂದಿದ್ದೇನೆ: ನನ್ನ ತಮ್ಮ ಡೈರಿಯಲ್ಲಿದ್ದಾನೆ, ಅವನು ಹಿಡಿದ ಕೆಲಸ ಬಿಡುವವನಲ್ಲ, ಗಾಡಿ ಯಾವುದೆಂದು ಪತ್ತೆ ಮಾಡುತ್ತಾನೆ. ನನ್ನ ಮಾತು ಉಳಿಸು. ಶೀತಲ ಯಂತ್ರ ಸರಿಹೋಯಿತೇ?

ಅಕ್ಕ


ಜುಲೈ 15

ಅಕ್ಕನಿಗೆ,

ಒಂದು ಪಾರ್ಸೆಲ್ ಕಳಿಸಿದ್ದೇನೆ. ಊರುಗೋಲು, ಒಂದು ಜೊತೆ, ಹಗುರವಾದದ್ದು, ಎತ್ತರ ಹೊಂದಿಸಿಕೊಳ್ಳಬಹುದು. ನಾನು ಕಳಿಸಿದ್ದು ಎಂದು ಪೇಪರಣ್ಣನಿಗೆ ಹೇಳಬೇಡ. ನೀನೇ ತಂದದ್ದು ಎನ್ನು.

ಇನ್ಸ್‌ಪೆಕ್ಟರ ಹತ್ತಿರ ನನ್ನ ಹೆಸರನ್ನು ಯಾಕೆ ಎತ್ತಿದೆ? ನನ್ನನ್ನು ಒಂದು ಮಾತು ಕೇಳಬೇಡವೇ?

ನಿನಗೆ ಈ ಕೆಲಸ ಗೊತ್ತಿಲ್ಲ ಅಕ್ಕ. ಹಾಲು ಎಂದರೆ ಸಿಮೆಂಟಲ್ಲ, ಮರವಲ್ಲ. ಗಾಡಿಯೊಳಗೆ ಅದು ಪ್ರತಿ ನಿಮಿಷವೂ ಕೆಡುವುದಕ್ಕೆ ನೋಡುತ್ತಿರುತ್ತದೆ. ಗಾಡಿ ದಾರಿಯಲ್ಲಿ ಅರ್ಧ ದಿನ ನಿಂತರೆ ಪೂರಾ ಟ್ಯಾಂಕು ಚರಂಡಿಗೆ. ಆ ಹಾಲಿಗೆ ಕಾಯುವವರು ಎಷ್ಟು ಮನೆಯವರು, ಆಸ್ಪತ್ರೆಗಳು, ಎಳೆ ಮಕ್ಕಳು. ಆದ್ದರಿಂದ ಹಾಲಿನ ಗಾಡಿ ನಿಲ್ಲುವುದಿಲ್ಲ. ಇದು ನಮ್ಮಲ್ಲಿ ಮಾತ್ರ ಅಲ್ಲ, ಎಲ್ಲ ಡೈರಿಗಳಲ್ಲೂ. ದೂರದಲ್ಲಿ ಕೂತು ಚಾಲಕ ರಾಕ್ಷಸ ಎಂದು ಬರೆಯುವುದು ಸುಲಭ.

ಅದೂ ಅಲ್ಲದೆ, ತಪ್ಪು ಒಂದೇ ಕಡೆ ಇರುತ್ತದೆಯೇ? ಮಬ್ಬು ಬೆಳಕು, ತಿರುವು, ಮೈಮೇಲೆ ಕಪ್ಪು ಕೋಟು, ಹಿಂದಿನ ದೀಪವೂ ಇಲ್ಲದ ಸೈಕಲ್ಲು. ಯಾರಿಗಾದರೂ ಹೇಗೆ ಕಾಣಬೇಕು? ಇದನ್ನೂ ನಿನ್ನ ಇನ್ಸ್‌ಪೆಕ್ಟರಿಗೆ ಹೇಳಿದೆಯಾ?

ಆದದ್ದಾಯಿತು. ಕಾಲು ಕೂಡಿಕೊಳ್ಳಲಿ. ಬಿಟ್ಟುಬಿಡು.

ಗಡಿಬಿಡಿ


ಜುಲೈ 19

ತಮ್ಮಾ,

ನಿನ್ನ ಪತ್ರ ಓದಿ ಕೋಪ ಬಂತು. ಕೋಪದಲ್ಲೇ ಪೇಪರಣ್ಣನ ಮನೆಗೆ ಹೋದೆ. ನಿಮ್ಮ ಸೈಕಲ್ಲಿಗೆ ಹಿಂದಿನ ದೀಪ ಇರಲಿಲ್ಲವೇ ಎಂದು ಕೇಳಿದೆ. ಅವರು ಮೊದಲು ಹೆಂಡತಿ ಅಡುಗೆಮನೆಯಲ್ಲಿದ್ದಾಳೆಯೇ ಎಂದು ನೋಡಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: ‘ಹಿಂದಿನ ದಿನ ಬ್ಯಾಟರಿ ಮುಗಿದಿತ್ತು. ಇವಳು ಬೈತಾಳೆ ಅಂತ ಯಾರಿಗೂ ಹೇಳಿರಲಿಲ್ಲ. ನಿಮಗೆ ಯಾರು ಹೇಳಿದ್ರು ಅಕ್ಕಾ?’

ನನ್ನ ಎರಡೂ ಪತ್ರಗಳನ್ನು ತೆಗೆದು ನೋಡು. ದೀಪದ ಮಾತು ಇಲ್ಲ. ಕಪ್ಪು ಕೋಟಿನ ಮಾತೂ ಇಲ್ಲ. ಆ ಬೆಳಿಗ್ಗೆ ಕಪ್ಪು ಕೋಟಿನ ಬೆನ್ನನ್ನೂ ದೀಪವಿಲ್ಲದ ಚಕ್ರವನ್ನೂ ಕಂಡದ್ದು ಹಿಂದಿನಿಂದ ಬಂದವನೊಬ್ಬನೇ.

ಒಂದೇ ಪ್ರಶ್ನೆ. ಅವರು ನನ್ನನ್ನು ಕೇಳಿದ್ದನ್ನೇ ನಾನು ನಿನ್ನನ್ನು ಕೇಳುತ್ತೇನೆ. ನಿನಗೆ ಯಾರು ಹೇಳಿದರು?


ಜುಲೈ 31

ಅಂಚೆಯವರನ್ನು ದಿನಾ ಗೇಟಿನಲ್ಲೇ ನಿಲ್ಲಿಸಿ ಕೇಳುತ್ತಿದ್ದೇನೆ. ಅವರಿಗೇ ಈಗ ನನ್ನ ಮನೆ ಬಂದರೆ ಸಂಕೋಚ. ಊರುಗೋಲು ಬಂದಿದೆ. ಪೆಟ್ಟಿಗೆ ಬಿಚ್ಚದೆ ಮೂಲೆಯಲ್ಲಿಟ್ಟಿದ್ದೇನೆ. ಯಾರು ಕೊಟ್ಟದ್ದೆಂದು ಹೇಳಲಾಗದ ಕೋಲನ್ನು ಅವರ ಕಂಕುಳಿಗೆ ಹೇಗೆ ಇಡಲಿ?

ಬರೆ.


ಆಗಸ್ಟ್ 5

ಅಕ್ಕ,

ನಮ್ಮದೇ ಗಾಡಿ. ಮೇ ತಿಂಗಳಿಂದ ಹೆದ್ದಾರಿಯ ಸೇತುವೆ ರಿಪೇರಿ, ಅದಕ್ಕೇ ಗಾಡಿಗಳು ಊರೊಳಗಿನಿಂದ ಬರುತ್ತಿದ್ದವು. ನಿನಗೆ ಹೇಳುವ ಸಂದರ್ಭ ಬರಲಿಲ್ಲ.

ನೀನು ಅಂದುಕೊಂಡ ಹಾಗೆ ಇದನ್ನು ಯಾರೂ ಮುಚ್ಚಿಟ್ಟಿಲ್ಲ. ಚಾಲಕ ಒಳ್ಳೆಯವನು. ನಾವು ಅವನನ್ನು ನಿಧಾನಯ್ಯ ಎನ್ನುತ್ತೇವೆ. ಇಷ್ಟು ವರ್ಷದಲ್ಲಿ ಒಂದು ಕೋಳಿಗೂ ತಗುಲಿಸಿದವನಲ್ಲ. ಅವನು ವರದಿ ಮಾಡಿದ್ದಾನೆ. ತಿರುವಿನಲ್ಲಿ ಗಾಡಿ ನಿಲ್ಲಿಸಿ ಆ ಕ್ಷಣವೇ ನನಗೆ ಫೋನು ಮಾಡಿದ. ನಮ್ಮ ಕ್ರಮವೇ ಅದು, ನಾನು ಸೇರುವ ಮೊದಲಿನಿಂದ. ಏನೇ ಆದರೂ ಚಾಲಕ ರವಾನೆ ವಿಭಾಗಕ್ಕೆ ತಿಳಿಸಬೇಕು, ನಾವು ಮ್ಯಾನೇಜರಿಗೆ, ಮ್ಯಾನೇಜರು ಮೇಲಿನ ಕಚೇರಿಗೆ. ಪೊಲೀಸರ ವಿಚಾರ ಮೇಲಿನ ಕಚೇರಿ ನೋಡಿಕೊಳ್ಳುತ್ತದೆ. ಚಾಲಕರು ಠಾಣೆಗೆ ನೇರ ಹೋಗುವ ಪದ್ಧತಿಯೇ ನಮ್ಮಲ್ಲಿಲ್ಲ. ನಾನು ಅವತ್ತೇ ಬೆಳಿಗ್ಗೆ ಮ್ಯಾನೇಜರಿಗೆ ಹೇಳಿದೆ. ಆಯಿತು ಎಂದರು. ಎಲ್ಲರೂ ಹೇಳಿದ್ದೇವೆ ಅಕ್ಕ. ನನ್ನ ಲೆಕ್ಕದಲ್ಲಿ ಅದು ಅಲ್ಲಿಗೆ ಮುಗಿದಿತ್ತು. ಯಾರೋ ಒಬ್ಬ ಸೈಕಲ್ಲಿನವನು ಎಂದಷ್ಟೇ ನನಗೆ ಗೊತ್ತಿದ್ದದ್ದು. ನಿನ್ನ ಪತ್ರ ಬಂದಮೇಲೆ ಅದಕ್ಕೆ ಮುಖ ಬಂತು.

ಫೋನಿನಲ್ಲಿ ನಾನು ಏನು ಹೇಳಿದೆ ಎಂದು ಕೇಳುತ್ತೀಯ, ನನಗೆ ಗೊತ್ತು. ಹಾಲು ಮೊದಲು ಒಳಗೆ ಬರಲಿ ಎಂದೆ. ದಿನಾ ಹೇಳುವ ಮಾತು ಅದು. ಟೈರು ಪಂಕ್ಚರಾದರೂ ಅದೇ ಹೇಳುತ್ತೇನೆ, ದಾರಿಯಲ್ಲಿ ಮರ ಬಿದ್ದರೂ ಅದೇ. ಬಾಯಿಗೆ ಬಂದುಬಿಡುತ್ತದೆ.

ನಿಧಾನಯ್ಯ ಆಮೇಲಿಂದ ಸರಿಯಿಲ್ಲ. ಪೊಲೀಸರು ಬಂದರಾ, ಬಂದರಾ ಎಂದು ನನ್ನನ್ನೇ ಕೇಳುತ್ತಾನೆ. ಅವನಿಗೂ ಸಂಸಾರ ಇದೆ. ನನಗೂ ಇದೆ. ಇದು ನಮ್ಮಿಬ್ಬರ ನಡುವೆ ಇರಲಿ.

ಗಡಿಬಿಡಿ


ಆಗಸ್ಟ್ 9

ತಮ್ಮಾ,

ಎಲ್ಲರೂ ಹೇಳಿದಿರಿ, ಒಬ್ಬರಿಗೊಬ್ಬರು. ಒಂದೇ ಕಟ್ಟಡದ ಮೂರು ಕೋಣೆಗಳಲ್ಲಿ ಸುದ್ದಿ ಸುತ್ತಿತು. ಕಾನೂನು ಹೇಳಿದ ಠಾಣೆಯ ಬಾಗಿಲು ನಮ್ಮ ತಿರುವಿನಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿತ್ತು, ಅಲ್ಲಿಗೆ ಯಾರೂ ಹೋಗಲಿಲ್ಲ. ಅದಕ್ಕೆ ನೀನು ವರದಿ ಎನ್ನುತ್ತೀಯ. ಸುಳ್ಳು ಹೇಳಿದ್ದರೆ ಬೈಯುತ್ತಿದ್ದೆ. ನೀನು ಅದನ್ನು ನಂಬಿದ್ದೀಯ, ಅದಕ್ಕೇನು ಮಾಡಲಿ ಎಂದು ರೂಮಿನಿಂದ ರೂಮಿಗೆ ತಿರುಗುತ್ತಿದ್ದೇನೆ.

ನಿನ್ನ ಆ ಮಾತಿಗೂ ಗಾಡಿ ಹೊರಟದ್ದಕ್ಕೂ ನಡುವೆ ಇನ್ನೇನೋ ಇರಬೇಕು. ಪೇಪರಣ್ಣ ಹೇಳುವ ಪ್ರಕಾರ ಅದು ನಿಂತದ್ದು ಅಷ್ಟೊಂದು ಚಿಕ್ಕ ಹೊತ್ತಲ್ಲ.

ನಮ್ಮಿಬ್ಬರ ನಡುವೆ ಇರಲಿ ಎಂದೆ. ನಮ್ಮಿಬ್ಬರ ನಡುವೆ ಕಾಲು ಮುರಿದುಕೊಂಡ ಒಬ್ಬರು ಮಲಗಿದ್ದಾರೆ. ಚಾಲಕ ಠಾಣೆಗೆ ಹೋಗಲಿ. ಜೊತೆಗೆ ನೀನು ಹೋಗು.

ಅಕ್ಕ


ಆಗಸ್ಟ್ 20

ತಮ್ಮಾ,

ಅವರು ಬಂದಿದ್ದರು. ನೀನಲ್ಲ, ನಿಧಾನಯ್ಯ.

ನಿನ್ನೆ ಬೆಳಿಗ್ಗೆ ಪೇಪರಣ್ಣನ ಮನೆಯಲ್ಲಿ ಕೂತಿದ್ದೆ. ಬಾಗಿಲಿಗೆ ಒಬ್ಬ ಎತ್ತರದ ಮನುಷ್ಯ ಬಂದು ನಿಂತರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಒಂದು ಚೀಲ. ತಿರುವಿನ ಅಂಗಡಿಯಲ್ಲಿ ಮನೆ ಕೇಳಿಕೊಂಡು ಬಂದಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಒಳಗೆ ಬನ್ನಿ ಎಂದರೂ ಹೊಸ್ತಿಲಲ್ಲೇ ನಿಂತು, ಮಂಚದ ಕಡೆ ನೋಡಿ ಹೇಳಿದರು: ‘ನೀವಾಗಿ ಬೀಳಲಿಲ್ಲ. ನಾನು ಬೀಳಿಸಿದೆ.’

ಪೇಪರಣ್ಣ ಅವರ ಮುಖ ನೋಡಲಿಲ್ಲ. ಹೆಂಡತಿಯ ಕಡೆ ತಿರುಗಿದರು. ‘ಕೇಳಿಸ್ಕೊಂಡ್ಯಾ? ನಾನು ತೂಕಡಿಸಿರಲಿಲ್ಲ.’ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ದಿನದಲ್ಲಿ ಅವರು ದಿಂಬಿನಿಂದ ತಾವಾಗಿ ಎದ್ದು ಕೂತದ್ದು ಅದೇ ಮೊದಲು.

ಆಮೇಲೆ ಕೇಳಿದರು, ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕೆಂದು. ‘ಇಳಿದು ನೋಡಬಾರದಿತ್ತಾ? ನಾನು ಕೈ ಆಡಿಸ್ತಿದ್ದೆ.’

ನಿಧಾನಯ್ಯ ಕೈಯಲ್ಲಿದ್ದ ಚೀಲವನ್ನು ಹೊಸ್ತಿಲ ಪಕ್ಕ ಇಟ್ಟರು. ‘ಬಾಗಿಲು ತೆಗೆದಿದ್ದೆ. ಒಂದು ಕಾಲು ಕೆಳಗಿಟ್ಟಿದ್ದೆ. ಫೋನು ಕಿವೀಲಿತ್ತು. ಉಸಿರಾಡ್ತಿದ್ದಾನಾ ಅಂತ ಕೇಳಿದ್ರು. ಕೈ ಆಡಿಸ್ತಿದ್ದಾರೆ ಅಂದೆ. ಹಾಗಾದ್ರೆ ಯಾರಾದ್ರೂ ನೋಡ್ಕೋತಾರೆ, ನೀನು ಬಾ ಅಂದ್ರು. ಕಾಲು ಮೇಲೆ ತಗೊಂಡೆ.’

ಇದನ್ನು ನೀನು ನನಗೆ ಬರೆದಿರಲಿಲ್ಲ. ಬಾಯಿಗೆ ಬಂದುಬಿಡುವ ಮಾತು ಒಂದೇ ಎಂದಿದ್ದೆ. ನಡುವೆ ಒಂದು ಪ್ರಶ್ನೆಯಿತ್ತು, ಅದಕ್ಕೆ ಉತ್ತರವೂ ಬಂದಿತ್ತು. ಅವರ ಬೀಸುವ ಕೈ ನಿನ್ನ ಕಿವಿಯವರೆಗೂ ತಲುಪಿತ್ತು.

ಮೂವರೂ ಠಾಣೆಗೆ ಹೋದೆವು. ಪೇಪರಣ್ಣನ ಹೆಂಡತಿ, ನಿಧಾನಯ್ಯ, ನಾನು. ಇನ್ಸ್‌ಪೆಕ್ಟರು ಕಡತ ಮತ್ತೆ ತೆರೆದರು. ಗುದ್ದಿದ್ದಕ್ಕೊಂದು, ತಿಳಿಸದೆ ಹೋದದ್ದಕ್ಕೊಂದು, ಎರಡೂ ಅಪರಾಧ ನಿಮ್ಮ ಮೇಲೆ ಬರುತ್ತದೆ ಎಂದರು. ನಿಧಾನಯ್ಯ ತಲೆಯಾಡಿಸಿದರು. ನೀವು ಹೇಳುವ ಫೋನಿನ ಮಾತನ್ನು ನಿಮ್ಮ ಕಚೇರಿ ಒಪ್ಪಬೇಕು, ಕರೆ ಬಂದದ್ದು ದಾಖಲೆಯಲ್ಲಿ ಸಿಗುತ್ತದೆ, ಮಾತು ಸಿಗುವುದಿಲ್ಲ ಎಂದರು. ಆಗ ನಾನು ಹೇಳಬೇಕಾಯಿತು, ಆ ಫೋನು ಎತ್ತಿದವನು ನನ್ನ ತಮ್ಮ ಎಂದು. ನಿಧಾನಯ್ಯ ಕುಡಿಯುತ್ತಿದ್ದ ನೀರಿನ ಲೋಟವನ್ನು ಹಾಗೇ ಹಿಡಿದು ನನ್ನನ್ನು ನೋಡಿದರು. ಆಮೇಲೆ ಹೇಳಿದರು: ‘ಅವರು ಕೆಟ್ಟವರಲ್ಲಮ್ಮ. ಕೇಳಿದ್ರೆ ಹೇಳ್ತಾರೆ.’

ಅವರು ನಿನ್ನನ್ನು ನಂಬಿದ್ದಾರೆ. ಇನ್ಸ್‌ಪೆಕ್ಟರು ಕೇಳುತ್ತಾರೆ. ಹೇಳು.

ಅಕ್ಕ


ಆಗಸ್ಟ್ 29

ಅಕ್ಕ,

ನಿಧಾನಯ್ಯನನ್ನು ಕೆಲಸದಿಂದ ತೆಗೆದರು. ಪೊಲೀಸರಿಗೆ ಡೈರಿಯಿಂದ ಹೇಳಿಕೆ ಹೋಗಿದೆ. ಆ ಹೊತ್ತಿಗೆ ಕರೆ ಬಂದದ್ದು ನಿಜ, ಎಷ್ಟು ಹೊತ್ತಿಗೆ ತಲುಪುತ್ತೇನೆ ಎಂದು ತಿಳಿಸುವುದಕ್ಕೆ, ಅಪಘಾತದ ಪ್ರಸ್ತಾಪ ಬರಲಿಲ್ಲ ಎಂದು ಬರೆದಿದ್ದಾರೆ. ಬರೆದು ತಂದು ಮೇಜಿನ ಮೇಲಿಟ್ಟರು. ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದರು. ಕೆಳಗೆ ನನ್ನ ಸಹಿ ಬೇಕಿತ್ತು.

ಹಾಕಿದೆ.

ಆಗಸ್ಟ್ ಐದರ ನನ್ನ ಪತ್ರವನ್ನು ಹರಿದುಹಾಕು. ದಯವಿಟ್ಟು. ನೀನು ಎಲ್ಲವನ್ನೂ ಎತ್ತಿಡುವವಳು ಎಂದು ನನಗೆ ಗೊತ್ತು, ಅದಕ್ಕೇ ಬೇಡಿಕೊಳ್ಳುತ್ತಿದ್ದೇನೆ. ಊಟ ಸೇರುತ್ತಿಲ್ಲ. ಫೋನು ಬಾರಿಸಿದರೆ ಎತ್ತುವುದಕ್ಕೆ ಇನ್ನೊಬ್ಬರಿಗೆ ಹೇಳುತ್ತೇನೆ.

ನಿನ್ನ ತಮ್ಮ


ಸೆಪ್ಟೆಂಬರ್ 3

ಡೈರಿಯ ರವಾನೆ ವಿಭಾಗದ ಮೇಲ್ವಿಚಾರಕರಿಗೆ,

ಹೀಗೆ ಕರೆದದ್ದಕ್ಕೆ ನೊಂದುಕೊಳ್ಳಬೇಡ. ಈ ಪತ್ರದ ಒಂದು ಭಾಗ ಪತ್ರಿಕೆಯ ಓದುಗರ ಅಂಕಣಕ್ಕೆ ಹೋಗಿದೆ. ಅಲ್ಲಿ ಗಡಿಬಿಡಿ ಎಂದು ಅಚ್ಚಾಗುವುದು ನನಗೆ ಇಷ್ಟವಿಲ್ಲ. ಅಲ್ಲಿಗೆ ಕೊಟ್ಟದ್ದು ಕೆಳಗಿನ ಪ್ರಶ್ನೆಗಳನ್ನು ಮಾತ್ರ. ಅದಕ್ಕೆ ಮುಂಚಿನದು ನಿನಗೆ.

ನಿನ್ನ ಆಗಸ್ಟ್ ಐದರ ಪತ್ರವನ್ನು ಈ ಲಕೋಟೆಯಲ್ಲೇ ವಾಪಸ್ಸು ಕಳಿಸಿದ್ದೇನೆ. ಪ್ರತಿ ತೆಗೆದಿಟ್ಟಿಲ್ಲ. ಪೊಲೀಸರು ಕರೆದು ಕೇಳಿದರೆ ನಾನು ಓದಿದ್ದನ್ನು ನನ್ನ ಬಾಯಿಂದ ಹೇಳುತ್ತೇನೆ, ಅದರಲ್ಲಿ ಅನುಮಾನ ಬೇಡ. ಆದರೆ ನಿನ್ನ ಕಾಗದ ನಿನ್ನ ಬದಲಿಗೆ ಎದ್ದು ನಿಂತು ಮಾತಾಡುವುದು ಬೇಡ. ಅಕ್ಕನ ಕಿವಿಯಲ್ಲಿ ಹೇಳಿದ ನಿಜವೂ ಮ್ಯಾನೇಜರ ಕಿವಿಯಲ್ಲಿ ಹೇಳಿದ ವರದಿಯೂ ಒಂದೇ ಜಾತಿಯವು. ಹೇಳಿದೆ ಎಂಬ ಸಮಾಧಾನ ಸಿಗುತ್ತದೆ. ಬಿದ್ದವರಿಗೆ ಏನೂ ಸಿಗುವುದಿಲ್ಲ.

ನಿನಗೆ ಆ ಹೆಸರು ಯಾಕೆ ಬಂತೆಂದು ನಿನಗೆ ನೆನಪಿಲ್ಲ. ನೀನು ಆಗ ತೀರಾ ಚಿಕ್ಕವನು. ಪಕ್ಕದ ಮನೆಯ ಕಿಟಕಿಗೆ ಚೆಂಡು ಬಿದ್ದು ಗಾಜು ಒಡೆಯಿತು. ಉಳಿದ ಮಕ್ಕಳೆಲ್ಲ ಮಂಚದ ಕೆಳಗೆ, ನೀರಿನ ತೊಟ್ಟಿಯ ಹಿಂದೆ. ಆ ಮನೆಯವರು ಇನ್ನೂ ಬಾಗಿಲು ತೆರೆದಿರಲಿಲ್ಲ, ಯಾರು ಎಂದು ಕೇಳಿರಲಿಲ್ಲ. ನೀನು ಅಂಗಳದ ನಡುವೆ ನಿಂತು ‘ನಾನೇ, ನಾನೇ’ ಎಂದು ಕೂಗುತ್ತಿದ್ದೆ. ಅಮ್ಮ ಹೊರಗೆ ಬಂದು, ನಿನ್ನ ಕಿವಿ ಹಿಡಿದು, ನಗು ತಡೆಯಲಾರದೆ ಅಂದಳು: ‘ಏನು ಗಡಿಬಿಡಿಯೋ ನಿಂದು, ಕೇಳೋವರೆಗಾದ್ರೂ ಇರಬಾರದಾ?’ ಓಡುತ್ತಿದ್ದದ್ದಕ್ಕೆ ಬಂದ ಹೆಸರಲ್ಲ ಅದು.

ನಿಧಾನಯ್ಯ ನಿಧಾನವಾಗಿಯಾದರೂ ಬಂದರು. ಕೆಲಸ ಕಳೆದುಕೊಂಡ ಮೇಲೂ ಒಮ್ಮೆ ಬಂದಿದ್ದರು, ಸೈಕಲ್ಲಿಗೆ ಹೊಸ ದೀಪ ತಂದು ತಾವೇ ಕೂರಿಸಿದರು. ಪೇಪರಣ್ಣ ಬೇಡ ಎನ್ನಲಿಲ್ಲ. ಯಾರು ಕೊಟ್ಟದ್ದೆಂದು ಗೊತ್ತಿತ್ತಲ್ಲ. ಇವತ್ತು ಕೇಸಿರುವುದು ಅವರೊಬ್ಬರ ಮೇಲೆ. ತಾನಾಗಿ ಓಡಿಹೋದ ಚಾಲಕ ಎಂದು ಬರೆಸಿಕೊಂಡವರು ಅವರು. ಪೇಪರಣ್ಣನನ್ನು ತಾನಾಗಿ ಬಿದ್ದ ಎಂದು ಬರೆದ ಹಾಗೆಯೇ. ಎರಡನೆಯ ಸುಳ್ಳಿಗೆ ಸಹಿ ನಿನ್ನದು.

ಪತ್ರಿಕೆಗೆ ಕೊಟ್ಟದ್ದು ಇಷ್ಟು:

‘ಜೂನ್ ಮೂರರ ಬೆಳಿಗ್ಗೆ ನಮ್ಮ ಬೀದಿಯ ತಿರುವಿನಲ್ಲಿ ಹಾಲಿನ ಟ್ಯಾಂಕರೊಂದು ಈ ಪತ್ರಿಕೆಯ ವಿತರಕರನ್ನು ಗುದ್ದಿ ಬೀಳಿಸಿತು. ಅವರು ತಾವಾಗಿ ಬಿದ್ದರೆಂದು ಈ ಪತ್ರಿಕೆ ಪ್ರಕಟಿಸಿತು. ಚಾಲಕರೇ ಠಾಣೆಗೆ ಬಂದು ನಿಜ ತಿಳಿಸಿ ಎರಡು ವಾರವಾಗಿದೆ. ತಿದ್ದುಪಡಿ ಯಾವತ್ತು ಬರುತ್ತದೆ?

ಅಪಘಾತವನ್ನು ಪೊಲೀಸರಿಗೆ ತಿಳಿಸುವುದು ಚಾಲಕರ ಕರ್ತವ್ಯ. ತಿಳಿಸಬೇಕಾದವರ ಒಂದು ಕಾಲು ನೆಲದ ಮೇಲಿರುವಾಗ ಅದನ್ನು ಮೇಲೆ ತೆಗೆದುಕೊಳ್ಳುವಂತೆ ಹೇಳಿದವರ ಕರ್ತವ್ಯ ಏನು? ಚಾಲಕರು ಠಾಣೆಗೆ ಹೋಗದೆ ತನಗೆ ಮಾತ್ರ ತಿಳಿಸುವ ಪದ್ಧತಿಯನ್ನು ಡೈರಿ ಯಾವ ಕಾನೂನಿನ ಮೇಲೆ ನಡೆಸುತ್ತಿದೆ? ಇದುವರೆಗೆ ಹೀಗೆ ಒಳಗೇ ಉಳಿದ ಅಪಘಾತಗಳು ಯಾವುವು?

ಆ ಬೆಳಿಗ್ಗೆ ಟ್ಯಾಂಕರು ತಿರುವಿನಲ್ಲಿ ನಿಂತಿದ್ದಷ್ಟು ಹೊತ್ತು ಫೋನಿನ ಇನ್ನೊಂದು ತುದಿಯಲ್ಲಿ ಇದ್ದವರು ಯಾರು? ಏನು ಕೇಳಿದರು? ಏನು ಉತ್ತರ ಬಂತು? ಅದನ್ನು ಕೇಳಿಯೂ ಏನು ಹೇಳಿದರು?’

ಕೆಳಗೆ ನನ್ನ ಹೆಸರು, ವಿಳಾಸ ಇದೆ. ‘ರವಾನೆ ವಿಭಾಗದ ಮೇಲ್ವಿಚಾರಕರ ಅಕ್ಕ’ ಎಂದೂ ಸೇರಿಸಿದ್ದೇನೆ. ಸಂಪಾದಕರು ಅದೊಂದನ್ನು ಬಿಡೋಣವೇ ಎಂದು ಕೇಳಿದರು. ಬೇಡ ಎಂದೆ.

ಪೇಪರಣ್ಣನಿಗೆ ಈಗ ಬೇರೆ ಯಾರೋ ಪೇಪರು ತಂದು ಹಾಕುತ್ತಾರೆ. ಬಂದ ಕೂಡಲೇ ಅವರು ಬಿಡಿಸಿ ನೋಡುವುದು ಆ ನಾಲ್ಕು ಸಾಲು ಬಂದಿದ್ದ ಮೂಲೆಯನ್ನೇ. ಮಡಿಸಿಟ್ಟು ಮತ್ತೆ ಮಾರನೆಯ ಬೆಳಿಗ್ಗೆಗೆ ಕಾಯುತ್ತಾರೆ.

ನನಗೆ ಬರೆಯಬೇಡ. ನಿನ್ನ ಅಕ್ಷರದ ಲಕೋಟೆ ಬಂದರೆ ಒಡೆಯದೆ ಹಿಂದೆ ಕಳಿಸುತ್ತೇನೆ. ಉತ್ತರವನ್ನು ಪತ್ರಿಕೆಗೆ ಬರೆ. ಅವರು ಓದುವ ಆ ಮೂಲೆಯಲ್ಲಿ, ನಿನ್ನ ಹೆಸರು ಕೆಳಗಿಟ್ಟು, ಎಲ್ಲರಿಗೂ ಕಾಣುವ ಹಾಗೆ ಹೇಳು: ಫೋನು ಎತ್ತಿದ್ದು ಯಾರು?